ಕೂಡಿ ಕಟ್ಟುವವರ ಕರಾರು

ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಆಸ್ತಿ ಹಂಚಿಕೆಯ ಕಾನೂನಿಗೆ ಹೆಸರಾದ ಆ ವ್ಯಾಖ್ಯಾನದಲ್ಲಿ ಕೂಡಿ ವ್ಯಾಪಾರ ಮಾಡುವವರ ನಿಯಮವೂ ಇದೆ: ಲಾಭ ನಷ್ಟಗಳು ಹೂಡಿದ ಬಂಡವಾಳದಂತೆ, ಇಲ್ಲವೇ ಮಾಡಿಕೊಂಡ ಒಪ್ಪಂದದಂತೆ.

ಸ್ಟಾರ್ಟಪ್ ಕಟ್ಟುವವರಿಗೆ ವಕೀಲರು ಬರೆದುಕೊಡುವ ಸಂಸ್ಥಾಪಕರ ಕರಾರಿನಲ್ಲಿ ನನಗೆ ಅದೇ ವಿವೇಕ ಕಾಣುತ್ತದೆ. ಯಾರ ಪಾಲೆಷ್ಟು? ಬರೆದ ಸಾಫ್ಟ್‌ವೇರಿನ ಹಕ್ಕು ಯಾರದು? ಒಬ್ಬರು ನಡುವೆ ಬಿಟ್ಟುಹೋದರೆ ಷೇರು ಏನಾಗಬೇಕು? ಸ್ನೇಹ ಗಟ್ಟಿಯಿರುವಾಗಲೇ ಇವನ್ನೆಲ್ಲ ಕೇಳಿ ಬರೆದಿಡುವುದು ದೊಡ್ಡ ಕುಶಲತೆ. ಸಾಮಾನ್ಯವಾಗಿ ಷೇರಿನ ಹಕ್ಕು 4 ವರ್ಷಗಳಲ್ಲಿ ಹಂತಹಂತವಾಗಿ ಪಕ್ಕಾ ಆಗುತ್ತದೆ. ಮೊದಲ ವರ್ಷ ತುಂಬುವ ಮುನ್ನವೇ ಹೊರಟವರಿಗೆ ಪಾಲಿಲ್ಲ.

ಏನನ್ನೂ ಗೊತ್ತುಮಾಡಿಕೊಳ್ಳದ ಪಾಲುದಾರರಿಗೆ 1932ರ ಪಾಲುದಾರಿಕೆ ಕಾಯ್ದೆ ಸಮಪಾಲು ಹಾಕುತ್ತದೆ, ಹೆಚ್ಚು ಹಣ ಹಾಕಿದವರಿಗೂ ಕಡಿಮೆ ಹಾಕಿದವರಿಗೂ.

ಬಸವಕಲ್ಯಾಣದ ನೆರೆಯ ಹುಮನಾಬಾದಿನಲ್ಲಿ ಘಟಕ ತೆರೆಯುವ ಇಬ್ಬರು ಗೆಳೆಯರಿಗೆ ಮೊದಲು ಬೇಕಾದವರು ದಾವೆಯೇ ಹುಟ್ಟದಂತೆ ಬರೆಯಬಲ್ಲ ವಕೀಲರು. ವ್ಯಾಪಾರದ ಲೆಕ್ಕ ಅರಿತು, ಫೀಸು ಮೊದಲೇ ಹೇಳಿ, ಪ್ರತಿ ಕಲಮನ್ನೂ ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳುವ ವಕೀಲಿಕೆ ವಿಜ್ಞಾನೇಶ್ವರನ ನಾಡಿಗೆ ಒಪ್ಪುವಂಥದ್ದು.