ಜೆಂಕಿನ್ಸ್ ಚಾರ್ಟ್: ಹೊರಗೆ ಬಿಗಿ, ಒಳಗೆ ಸಡಿಲ

ಪ್ರೋಗ್ರಾಮರುಗಳು ಬರೆದ ಕೋಡನ್ನು ತಾನಾಗಿಯೇ ಜೋಡಿಸಿ, ಪರೀಕ್ಷಿಸಿ, ಚಾಲ್ತಿಯಲ್ಲಿರುವ ಸರ್ವರುಗಳಿಗೆ ಕಳಿಸುವ ತಂತ್ರಾಂಶ ಜೆಂಕಿನ್ಸ್. ಈ ಕೆಲಸಕ್ಕೆ ಬೇಕಾದ ಪಾಸ್‌ವರ್ಡುಗಳೆಲ್ಲ ಅದರ ಬಳಿಯೇ ಇರುವುದರಿಂದ ಕಳ್ಳರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. 2016ರ 2.0 ಆವೃತ್ತಿಗೆ ಮುಂಚೆ, ಹೊಸದಾಗಿ ಸ್ಥಾಪಿಸಿದ ಜೆಂಕಿನ್ಸ್ ಲಾಗಿನ್ ಕೂಡ ಕೇಳುತ್ತಿರಲಿಲ್ಲ.

ಕಂಟೇನರುಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಅದನ್ನು ನಡೆಸಲು ಜೆಂಕಿನ್ಸ್ ಬಳಗವೇ ಒದಗಿಸುವ ಸ್ಥಾಪನಾ ಪ್ಯಾಕೇಜು, ಅಂದರೆ ಹೆಲ್ಮ್ ಚಾರ್ಟ್, ಆ ಕಾಲವನ್ನು ದಾಟಿ ಬಹಳ ದೂರ ಬಂದಿದೆ. ಮುಖ್ಯ ಕಂಟೇನರ್ ರೂಟ್ ಅಧಿಕಾರವಿಲ್ಲದೆ ಓಡುತ್ತದೆ. ಅದರ ಮೂಲ ಫೈಲ್ ವ್ಯವಸ್ಥೆಯನ್ನು ಓದಬಹುದೇ ಹೊರತು ತಿದ್ದಲಾಗದು. ಆಡಳಿತದ ಪಾಸ್‌ವರ್ಡ್ ಪ್ರತಿ ಸ್ಥಾಪನೆಗೂ ಹೊಸದು. ಲಾಗಿನ್ ಆಗದವರಿಗೆ ಏನೂ ಕಾಣದು, ಸೇವೆಯೂ ಕುಬರ್ನೆಟೀಸ್ ಸಮೂಹದ (ಕ್ಲಸ್ಟರಿನ) ಹೊರಕ್ಕೆ ತೆರೆದುಕೊಳ್ಳದು. ಇವೆಲ್ಲ ಮೆಚ್ಚತಕ್ಕ ಆಯ್ಕೆಗಳು.

ಕೊರತೆ ಇರುವುದು ಒಳಗೆ. ಲಾಗಿನ್ ಆದವರೆಲ್ಲರೂ ಏನು ಬೇಕಾದರೂ ಮಾಡಬಹುದು ಎಂಬುದೇ ಚಾರ್ಟಿನ ಪೂರ್ವನಿಯೋಜಿತ ನಿಯಮ. ಸೀಕ್ರೆಟ್‌ಗಳನ್ನು (ಕುಬರ್ನೆಟೀಸ್ ಕಾಯ್ದಿಡುವ ಪಾಸ್‌ವರ್ಡಿನಂಥ ಗುಟ್ಟುಗಳನ್ನು) ಓದುವ ಅನುಮತಿಯನ್ನು ಅದು ಜೆಂಕಿನ್ಸ್‌ಗೆ ಕೊಡುವುದಿಲ್ಲ, ನಿಜ. ಆದರೆ ತನ್ನ ನೇಮ್‌ಸ್ಪೇಸಿನಲ್ಲಿ (ಸಮೂಹದೊಳಗಿನ ವಿಭಾಗದಲ್ಲಿ) ಪಾಡ್, ಅಂದರೆ ಕಂಟೇನರುಗಳ ಘಟಕ, ಸೃಷ್ಟಿಸುವ ಅನುಮತಿ ಕೊಡುತ್ತದೆ. ಅದೇ ನೇಮ್‌ಸ್ಪೇಸಿನ ಸೀಕ್ರೆಟ್ ಒಂದನ್ನು ಜೋಡಿಸಿಕೊಂಡ ಪಾಡ್ ಬೇಕೆಂದು ಪೈಪ್‌ಲೈನಿನಲ್ಲಿ ಬರೆದರೆ ಸಾಕು, ಆ ಗುಟ್ಟು ಪಾಡಿನೊಳಗೆ ಫೈಲಾಗಿ ಬಂದು ಕೂರುತ್ತದೆ. ಒಂದು ಕಡೆ ನಿರಾಕರಿಸಿದ್ದನ್ನು ಇನ್ನೊಂದು ಕಡೆ ಕೊಟ್ಟಂತಾಯಿತು. ಪಾಡುಗಳ ನಡುವಿನ ಸಂಚಾರ ತಡೆಯುವ ನೆಟ್‌ವರ್ಕ್ ಪಾಲಿಸಿ ಚಾರ್ಟಿನಲ್ಲಿದ್ದರೂ ಅದನ್ನು ಚಾಲೂ ಮಾಡಿರುವುದಿಲ್ಲ.

ಬಿಗಿಮಾಡದ ಜೆಂಕಿನ್ಸ್‌ನ ಬಿಸಿ ತಟ್ಟುವುದು ದೊಡ್ಡ ಕಂಪನಿಗಳಿಗಷ್ಟೇ ಅಲ್ಲ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲಾದ ರ‍್ಯಾನ್ಸಮ್‌ವೇರ್ ದಾಳಿಯಿಂದ ದೇಶದ ಸುಮಾರು 300 ಸಣ್ಣ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತು. ಪೂರೈಕೆದಾರರೊಬ್ಬರ ಸರಿಯಾಗಿ ಬಿಗಿಮಾಡದ ಜೆಂಕಿನ್ಸ್ ಸರ್ವರ್ ಮೂಲಕ ದಾಳಿಕೋರರು ಒಳಹೊಕ್ಕರೆಂದು ಸೈಬರ್ ಸುರಕ್ಷತಾ ಸಂಸ್ಥೆ ಕ್ಲೌಡ್‌ಸೆಕ್ ವರದಿ ಮಾಡಿತು. ಅವರು ಬಳಸಿದ್ದು ಅದೇ ಜನವರಿಯಲ್ಲಿ ಬಯಲಾಗಿದ್ದ, ಸರ್ವರಿನ ಫೈಲುಗಳನ್ನು ಓದಗೊಡುವ ದೋಷ. ತಿದ್ದಿದ ಆವೃತ್ತಿ ಆಗಲೇ ಹೊರಬಂದಿತ್ತು. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದು ಹುಟ್ಟಿದ್ದು 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ. ಸಹಕಾರದ ಬೇರು ಇಷ್ಟು ಆಳವಾಗಿರುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳ ಠೇವಣಿದಾರರಿಗೆ ಇದು ದೂರದ ಸುದ್ದಿಯಲ್ಲ.

ಪರಿಹಾರ ಕಷ್ಟದ್ದಲ್ಲ. ಕೆಲಸದ ಪಾಡುಗಳಿಗೆ ಬೇರೆ ನೇಮ್‌ಸ್ಪೇಸ್ ಕೊಟ್ಟು, ಪಾಡ್ ಸೃಷ್ಟಿಸುವ ಅನುಮತಿಯನ್ನು ಅಲ್ಲಿಗಷ್ಟೇ ಸೀಮಿತಗೊಳಿಸಬೇಕು, 2022ರ 1.25 ಆವೃತ್ತಿಯಿಂದ ಕುಬರ್ನೆಟೀಸ್‌ನಲ್ಲಿ ಸ್ಥಿರಗೊಂಡ ಪಾಡ್ ಸುರಕ್ಷತಾ ನಿಯಮಗಳ ಅತಿ ಕಟ್ಟುನಿಟ್ಟಿನ ಹಂತವನ್ನು ಅದಕ್ಕೆ ಹಾಕಬೇಕು. ಬಳಕೆದಾರರ ಹಕ್ಕುಗಳನ್ನು ಪಾತ್ರವಾರು ಹಂಚಬೇಕು. ಇಷ್ಟನ್ನೂ ಮಾಡದೆ ಈ ಚಾರ್ಟನ್ನು ಇದ್ದಂತೆಯೇ ಬ್ಯಾಂಕಿನ ಕೆಲಸಕ್ಕೆ ಹಚ್ಚಕೂಡದು.