ಮೊದಲು ಕಾಲು, ಆಮೇಲೆ ಬಟ್ಟೆ

ಹೊಲಿಗೆ ಕಲಿಯಲು ಹೊರಟವರ ಕಣ್ಣು ಅಂಗಡಿಯಲ್ಲಿ ಮೊದಲು ಬೀಳುವುದು ಹತ್ತಾರು ಡಿಸೈನ್ ಹಾಕುವ ಬಿಳಿ ಮೋಟಾರ್ ಮಷಿನ್ ಮೇಲೆ. ಸೇಡಂ, ಚಿತ್ತಾಪುರ ಕಡೆಯ ಹೊಸಬರಿಗೆ ನಾನು ಹೇಳುವುದು ಮಾತ್ರ ಕಬ್ಬಿಣದ ಸ್ಟ್ಯಾಂಡಿನ ಕಪ್ಪು ಕಾಲು ಮಷಿನ್. ಅದಕ್ಕೆ ನೇರ ಹೊಲಿಗೆಯೊಂದೇ ಗೊತ್ತು. ಜಂಪರು, ಲಂಗ, ಶಾಲೆಯ ಯೂನಿಫಾರ್ಮಿಗೆ ಬೇಕಾದದ್ದೂ ಅದೇ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಪಿಕೋಗೆ ಜಿಗ್‌ಜ್ಯಾಗ್ ಬೇಕು, ನಿಜ. ಕೈ ಪಳಗಿದ ಮೇಲೆ ನೋಡಿಕೊಂಡರಾಯಿತು.

ಹಳೆಯದು ಸಿಕ್ಕರೆ ಬೇಡವೆನ್ನಬೇಡಿ. ಬೆಲ್ಟ್ ತೆಗೆದು ಗಾಲಿಯನ್ನು ಕೈಯಿಂದ ತಿರುಗಿಸಿ, ಎಲ್ಲೂ ತಡೆಯಬಾರದು. ಸೂಜಿ ಹಿಡಿದ ಕಡ್ಡಿಯನ್ನು ಅಲ್ಲಾಡಿಸಿದಾಗ ಪಕ್ಕಕ್ಕೆ ಕುಣಿದರೆ ಒಳಗೆ ಸವೆದಿದೆ, ಬಿಟ್ಟು ಬನ್ನಿ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ.

ಮನೆಗೆ ತಂದ ಮೇಲೆ ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ನಮ್ಮ ಕಡೆ ಶಹಾಬಾದ್ ಪರ್ಸಿ ಹಾಸಿದ ನೆಲವೇ ಹೆಚ್ಚು. ಕಲ್ಲು ಕಲ್ಲಿಗೆ ಏರುತಗ್ಗು ಇರುತ್ತದೆ. ಸ್ಟ್ಯಾಂಡಿನ ಒಂದು ಕಾಲು ಗಾಳಿಯಲ್ಲಿದ್ದರೆ ಹೊಲಿಗೆ ನೇರ ಬರುವುದಿಲ್ಲ, ರಬ್ಬರ್ ತುಂಡು ಕೊಟ್ಟು ಸಮ ಮಾಡಿ. ವಾಡಿ, ಶಹಾಬಾದಿನಲ್ಲಿ ಧೂಳಿನ ಕಾಟ ಬೇರೆ. ಸಿಮೆಂಟಿನ, ಕಲ್ಲಿನ ಧೂಳು ಎಣ್ಣೆಗೆ ಅಂಟಿ ಶಟಲ್‌ನಲ್ಲಿ ಜಿಡ್ಡುಗಟ್ಟುತ್ತದೆ. ಬ್ರಷ್‌ನಿಂದ ತೆಗೆದು, ಮಷಿನ್ ಎಣ್ಣೆಯನ್ನೇ ಹನಿ ಹನಿಯಾಗಿ ಬಿಡಿ. ಅಡುಗೆ ಎಣ್ಣೆ ಖಂಡಿತ ಬೇಡ. ಕೆಲಸ ಮುಗಿದೊಡನೆ ಬಟ್ಟೆ ಮುಚ್ಚಿ.

ಇನ್ನು ಕಲಿಕೆ. ಗಾಲಿಯ ನಡುವಿನ ತಿರುಪು ಸಡಿಲಿಸಿದರೆ ಸೂಜಿ ಆಡದೆ ಗಾಲಿಯಷ್ಟೇ ತಿರುಗುತ್ತದೆ. ಹಾಗೆ ಬರೀ ಪೆಡಲ್ ತುಳಿಯಿರಿ. ಗಾಲಿ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ಓಡಿತೆಂದರೆ ದಾರ ಸಿಕ್ಕಾಗುತ್ತದೆ. ಬೇಕಾದಾಗ ನಿಲ್ಲಿಸಿ ಅದೇ ದಿಕ್ಕಿಗೆ ಮತ್ತೆ ಹೊರಡಿಸುವಷ್ಟು ಹಿಡಿತ ಬರುವ ತನಕ ಬಟ್ಟೆ ಮುಟ್ಟಬಾರದು ಎಂಬುದು ನನ್ನ ಹಟ. ಆಮೇಲೆ ತಿರುಪನ್ನು ಮತ್ತೆ ಬಿಗಿದು, ದಾರವಿಲ್ಲದೆ, ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಹಳೆ ಸೂಜಿ ಓಡಿಸಿ.

ದಾರ ಪೋಣಿಸಿದೊಡನೆ ಒಂದು ತೊಂದರೆ ಎದುರಾಗುತ್ತದೆ: ಬಟ್ಟೆಯ ಅಡಿಯಲ್ಲಿ ದಾರ ಗುಂಜುಗುಂಜಾಗಿ ನಿಲ್ಲುತ್ತದೆ. ಎಲ್ಲರೂ ಕೆಳಗಿನ ದಾರವಿರುವ ಬಾಬಿನ್ ಕೇಸಿನ ತಿರುಪಿಗೆ ಕೈ ಹಾಕುತ್ತಾರೆ. ತಪ್ಪು ಬಹುಪಾಲು ಮೇಲಿನ ದಾರದ್ದು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಹೊಲಿಗೆಯೇ ಇವತ್ತಿಗೂ ನಮ್ಮ ಕಾಲು ಮಷಿನ್‌ನಲ್ಲಿರುವುದು: ಎರಡು ದಾರ ಬಟ್ಟೆಯ ನಡುವೆ ಒಂದನ್ನೊಂದು ಹಿಡಿಯಬೇಕು. ಮೇಲಿನದು ಸಡಿಲವಾದರೆ ಕೆಳಗಿನದು ಅದನ್ನು ಅಡಿಗೆ ಎಳೆಯುತ್ತದೆ. ಬಟ್ಟೆ ಒತ್ತುವ ಫೂಟ್ ಎತ್ತಿ, ದಾರವನ್ನು ಟೆನ್ಷನ್ ಬಿಲ್ಲೆಗಳ ನಡುವೆ ಕೂರಿಸಿ ಮತ್ತೆ ಪೋಣಿಸಿ. ಸೂಜಿಯಲ್ಲಿ ಉದ್ದ ತೋಡಿರುವ ಪಕ್ಕದಿಂದಲೇ ದಾರ ಒಳಹೋಗಬೇಕು. ಕಾಟನ್‌ಗೆ 14, ದಪ್ಪ ಬಟ್ಟೆಗೆ 16ನೇ ನಂಬರ್ ಸೂಜಿ.

ಹಳೆ ಸೀರೆಗಳ ಕೌದಿಯನ್ನೂ ಚಿಂಚೋಳಿ ತಾಂಡಾಗಳ ಕನ್ನಡಿ ಕಸೂತಿಯನ್ನೂ ಕೈಸೂಜಿಗೇ ಬಿಡಿ. ಆ ಹೊಲಿಗೆಯ ಚೆಲುವು ಮಷಿನ್‌ಗೆ ಬಾರದು. ಒಗೆದು ಮೆತ್ತಗಾದ ಧೋತರದಲ್ಲಿ ದಿಂಬಿನ ಚೀಲದಿಂದ ಶುರು ಮಾಡಿ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಫೂಟ್ ಎತ್ತಿ, ಬಟ್ಟೆ ತಿರುಗಿಸಿ, ಫೂಟ್ ಇಳಿಸಿ ಮುಂದಕ್ಕೆ ಹೊಲಿಯಿರಿ.