ಒಂದೇ ಗಾದೆ ಸಾಲದು

ನಮ್ಮ ಆದೋನಿ ಸೀಮೆಯ ಎರೆ ಹೊಲದಲ್ಲಿ ಏನು ಬಿತ್ತಬೇಕು ಅನ್ನೋ ಮಾತು ಎದ್ದರೆ ಮೊದಲು ಬಾಯಿಗೆ ಬರುವುದು ಗಾದೆ. ನಮ್ಮಂಥವರಿಗೆ ಅದೇ ಅಳತೆಗೋಲು. ಹಾಡಿನ ನಡುವೆ ನಾನೂ ನೂರು ಸಲ ಹೇಳಿದ್ದೀನಿ: 'ಬೆಳೆಯುವ ಸಿರಿ ಮೊಳಕೆಯಲ್ಲಿ.' ಇದರ ಗುಣ ಏನು, ಕೊರತೆ ಏನು, ನೋಡೋಣ.

ಗುಣ ಇದೆ. ಬೀಜ ಸರಿಯಾಗಿ ಹುಟ್ಟಲಿಲ್ಲ ಅಂದರೆ ತಡ ಮಾಡದೆ ಮತ್ತೆ ಬಿತ್ತು ಅನ್ನುತ್ತೆ. ಅಷ್ಟು ನಿಜ.

ಕೊರತೆ ಹತ್ತಿಯಲ್ಲಿ ಕಾಣುತ್ತೆ. ಒಂದು ವರ್ಷ ಮೊಳಕೆ ಚೆಂದ ಬಂತು ಅಂತ, ಹಿಂಗಾರಿ ಜೋಳಕ್ಕೆ ಬಿಟ್ಟಿದ್ದ ಹೊಲಕ್ಕೂ ಹತ್ತಿಯನ್ನೇ ಹಾಕಿದೆ. ಗಿಡ ಹಸಿರಾಗೇ ಇತ್ತು. ಗುಲಾಬಿ ಹುಳ ಕಾಯಿಯೊಳಗೆ ಕೂತು ಬೀಜ ತಿಂತಿತ್ತು. ಕಾಯಿ ಒಡೆದು ನೋಡಿದಾಗಲೇ ತಿಳಿದದ್ದು. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಮೊದಮೊದಲ ಬೆಳೆ ನೋಡಿ ಕಾಟ ತೀರಿತು ಅಂದ್ಕೊಂಡ್ವಿ. ಆಮೇಲೆ ಈ ಹುಳ ಬಿಟಿಯನ್ನೂ ಅರಗಿಸಿಕೊಂಡಿತು. ಮೊಳಕೆ ಹುಳದ ಸುದ್ದಿ ಹೇಳಲ್ಲ, ಮಾರುಕಟ್ಟೆ ದರವನ್ನೂ ಹೇಳಲ್ಲ.

ಹಾಡಿಗೆ ಹಿಮ್ಮೇಳ ಇದ್ದಂಗೆ ಗಾದೆಗೂ ಇನ್ನೊಂದು ಗಾದೆ ಜೊತೆ ಬೇಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಅನ್ನೋದನ್ನ ಅವತ್ತು ನೆನೆಸಿದ್ದರೆ, ಹತ್ತಿ ಕೆಟ್ಟರೆ ಮನೆಗೆ ಕಾಳು, ದನಕ್ಕೆ ಸೊಪ್ಪೆ ಎಲ್ಲಿಂದ ಅಂತ ಬಿತ್ತೋ ಮುಂಚೆ ಕೇಳ್ತಿದ್ದೆ. ಕೇಳಲಿಲ್ಲ. ಆ ಬೇಸಿಗೆಗೆ ಒಂದು ಜೋಡಿ ಎತ್ತು ಮಾರಿದೆ.

ಶಾಲೆಯಲ್ಲಿ ಮೇಷ್ಟ್ರು ಗಾದೆ ವಿಸ್ತರಿಸಿ ಅಂತ ಮಕ್ಕಳಿಗೆ ಬರೆಸುತ್ತಾರೆ. ಯಾವಾಗ ಆ ಗಾದೆ ಸುಳ್ಳಾಗುತ್ತೆ ಅಂತಲೂ ನಾಲ್ಕು ಸಾಲು ಬರೆಸಲಿ.